ಬಲಗೈಗೆ ಬಿಡುವು

"ಮಗೂದು ಪರೀಕ್ಷೆ ಮುಗಿದ ಮಾರನೇ ದಿನ ನಾನು ಹೊರಡ್ತೀನಿ. ಬೈಕಲ್ಲಿ. ಮೂರು ವಾರ ಬರಲ್ಲ."

ನರ್ಸಮ್ಮ ಈ ಮಾತನ್ನು ಮಗನ ತಟ್ಟೆಗೆ ಅನ್ನ ಬಡಿಸುತ್ತಲೇ ಹೇಳಿದಳು. ಮಗ ಮೊದಲು ಸರಿಯಾಗಿ ಕೇಳಿಸಿಕೊಳ್ಳಲಿಲ್ಲ. ಸಾಕು ಎಂದು ಕೈ ಅಡ್ಡ ಹಿಡಿದ. ಆಮೇಲೆ ಹಿಡಿದ ಕೈ ಹಾಗೇ ನಿಂತಿತು.

"ಎಲ್ಲಿಗೆ?"

"ಹೆದ್ದಾರಿ ಹಿಡಿದು ಸಮುದ್ರದವರೆಗೆ. ನೋಡ್ಕೊಂಡು ವಾಪಸ್."

"ಅಲ್ಲಿ ಯಾರಿದಾರೆ?"

"ಯಾರೂ ಇಲ್ಲ."

"ಮತ್ತೆ ಯಾಕೆ ಹೋಗೋದು?"

"ಹೋಗ್ಬೇಕು ಅನ್ನಿಸಿದೆ, ಅದಕ್ಕೆ."

ಸೊಸೆ ನೀರಿನ ಲೋಟ ಕೆಳಗಿಟ್ಟು ಗಂಡನ ಮುಖ ನೋಡಿದಳು. ಎದುರಿಗೆ ಕೂತಿದ್ದ ಮೊಮ್ಮಗಳು ಮಾತ್ರ, "ಅಜ್ಜೀ, ನನ್ನೂ ಕರ್ಕೊಂಡೋಗ್ತೀಯಾ?" ಎಂದು ಕುರ್ಚಿಯಲ್ಲೇ ಕುಣಿದಳು. ಹದಿಮೂರು ತುಂಬಿದರೂ ಕೂತಲ್ಲಿ ಕೂರದ ಆ ಹುಡುಗಿಯನ್ನು ಮನೆಯವರೆಲ್ಲ ಚಿನಕುರುಳಿ ಎಂದೇ ಕರೆಯುತ್ತಿದ್ದರು.

"ನೀನು ಸುಮ್ನೆ ತಿನ್ನು," ಎಂದು ಅಪ್ಪ ಗದರಿದ. "ಅಮ್ಮಾ, ನಿನಗೆ ಅರವತ್ತು ದಾಟಿದೆ. ಕೈ ನೋವು ಬೇರೆ. ಡಾಕ್ಟರು ಏನು ಹೇಳಿದ್ರು? ಬಲಗೈಗೆ ಶ್ರಮ ಕೊಡ್ಬೇಡಿ ಅಂದ್ರು ತಾನೆ?"

"ಅಂದ್ರು."

"ಮತ್ತೆ?"

"ಇನ್ನೊಂದು ಸೌಟು ಹಾಕ್ಲಾ?"

ಬೀದಿಯಲ್ಲಿ ಅವಳಿಗೆ ನರ್ಸಮ್ಮ ಎನ್ನುವುದೇ ಹೆಸರಾಗಿಬಿಟ್ಟಿತ್ತು. ಆರೋಗ್ಯ ಕೇಂದ್ರದ ಕೆಲಸದಲ್ಲಿದ್ದಷ್ಟು ಕಾಲ, ಬಸ್ಸು ಹೋಗದ ಕಡೆಗೆಲ್ಲ ಬೈಕಿನಲ್ಲಿ ಹೋಗಿ ಹೆರಿಗೆ ಮಾಡಿಸಿದವಳು. ಗಂಡ ತೀರಿಕೊಂಡಾಗ ಮಗನಿಗೆ ಇನ್ನೂ ಹಾಲುಹಲ್ಲು. ಅವನನ್ನು ಪಕ್ಕದ ಮನೆಯಲ್ಲಿ ಬಿಟ್ಟು ಮಳೆ, ಕೆಸರು, ಕತ್ತಲೆ ಎನ್ನದೆ ಓಡಿದ್ದಳು. ಆದರೆ ಆ ದಾರಿಗಳೆಲ್ಲದರ ಕೊನೆಗೆ ಯಾರೋ ಒಬ್ಬಳು ನೋವಿನಿಂದ ಕೂಗುತ್ತಿರುತ್ತಿದ್ದಳು. ನಡುದಾರಿಯಲ್ಲಿ ಒಂದು ಮರ ಚೆನ್ನಾಗಿದೆ ಎಂದು ಗಾಡಿ ನಿಲ್ಲಿಸಿ ನೋಡುವಷ್ಟು ಪುರುಸೊತ್ತು ಅವಳಿಗೆ ಯಾವತ್ತೂ ಸಿಕ್ಕಿರಲಿಲ್ಲ.

ನಿವೃತ್ತಿಯಾದ ಮೇಲೆ ಸಿಗುತ್ತದೆ ಎಂದುಕೊಂಡಿದ್ದಳು. ನಿವೃತ್ತಿಯಾದ ತಿಂಗಳೇ ಮಗ, "ಹೇಗೂ ಅಮ್ಮ ಮನೇಲೇ ಇರ್ತಾಳಲ್ಲ" ಎಂದು ಮನೆಗೆಲಸದವಳನ್ನು ಬಿಡಿಸಿದ. ಅವನು ಲಿಫ್ಟ್ ರಿಪೇರಿ ಮಾಡುವ ಕಂಪನಿಯಲ್ಲಿದ್ದ. ಬೆಳಗ್ಗೆ ಹೋದರೆ ಸಂಜೆ ಗ್ರೀಸ್ ಮೆತ್ತಿಕೊಂಡು ಬರುತ್ತಿದ್ದ. ಸೊಸೆಗೆ ಔಷಧಿ ಅಂಗಡಿಯಲ್ಲಿ ಕೆಲಸ, ಇಡೀ ದಿನ ಕೌಂಟರಿನ ಹಿಂದೆ ನಿಂತೇ ಇರಬೇಕು. ಹಾಗಾಗಿ ಅಡುಗೆ, ಪಾತ್ರೆ, ಬಟ್ಟೆ, ಚಿನಕುರುಳಿಯ ಶಾಲೆ, ಎಲ್ಲ ಒಂದೊಂದಾಗಿ ನರ್ಸಮ್ಮನ ಹೆಗಲಿಗೆ ಬಂದು ಕೂತವು. ಇದು ನಿನ್ನ ಕೆಲಸ ಎಂದು ಯಾರೂ ಹೇಳಲಿಲ್ಲ. ಅಲ್ಲ ಎಂದೂ ಯಾರೂ ಹೇಳಲಿಲ್ಲ.

ಮುಂದಿನ ಭಾನುವಾರ ಅವಳು ಕೈ ತಡೆಯುತ್ತದೆಯೇ ನೋಡೋಣವೆಂದು ಒಂದು ಸುತ್ತು ಹೊರಟಳು. ಬೆಳಗಿನ ತಿಂಡಿ ಮುಗಿಸಿ, ಮಧ್ಯಾಹ್ನದ ಅಡುಗೆ ಮುಚ್ಚಿಟ್ಟು, ಹೆದ್ದಾರಿಯಲ್ಲಿ ಅರ್ಧ ದಿನದಷ್ಟು ಹೋಗಿ ಬಂದಳು. ಹೋಗುವಾಗ ಹಿತವಾಗಿತ್ತು. ಬರುವಾಗ ಬಲಗೈ ಜೋಮು ಹಿಡಿಯಿತು. ಹಳ್ಳಿ ದಾರಿಯಲ್ಲಾದರೆ ಗುಂಡಿಗೊಮ್ಮೆ ಆಕ್ಸಿಲರೇಟರ್ ಬಿಡುತ್ತ, ಹಿಡಿಯುತ್ತ ಹೋಗುವುದು, ಕೈಗೆ ಗೊತ್ತಾಗುವುದಿಲ್ಲ. ಹೆದ್ದಾರಿಯಲ್ಲಿ ಹಿಡಿಯನ್ನು ಒಂದೇ ಸಮ ತಿರುವಿ ಹಿಡಿದಿರಬೇಕು. ಒದ್ದೆ ಬಟ್ಟೆ ಹಿಂಡಿ, ಹಿಂಡಿದ ಹಾಗೇ ಗಂಟೆಗಟ್ಟಲೆ ಹಿಡಿದುಕೊಂಡು ನಿಂತಂತೆ. ಮನೆಗೆ ಬಂದು ಬೇಳೆಯ ಪಾತ್ರೆ ಎತ್ತಿದಳು, ಬೆರಳು ಮಡಚಲಿಲ್ಲ. ಪಾತ್ರೆ ಜಾರಿ ನೆಲದ ತುಂಬ ಬೇಳೆ.

ಸೊಸೆ ಓಡಿಬಂದಳು. ನೆಲ ನೋಡಿದಳು, ಅತ್ತೆಯ ಕೈ ನೋಡಿದಳು. ಹೋಗಿ ಒರೆಸುವ ಬಟ್ಟೆ ತಂದಳು.

"ಅವನಿಗೆ ಹೇಳ್ಬೇಡ," ಎಂದಳು ನರ್ಸಮ್ಮ.

"ನಾನು ಹೇಳಲ್ಲ. ಊಟಕ್ಕೆ ಬೇಳೆ ಯಾಕಿಲ್ಲ ಅಂತ ಅವರೇ ಕೇಳ್ತಾರೆ, ಆಗ ನೀವೇ ಏನಾದ್ರೂ ಹೇಳ್ಕೊಳ್ಳಿ."

ಮಗನಿಗೆ ತಿಳಿಯಲು ತಡವಾಗಲಿಲ್ಲ. ತಿಳಿದ ಮೇಲೆ ಅವನು ಕೂಗಾಡಲೂ ಇಲ್ಲ. ಅದಕ್ಕಿಂತ ಕೆಟ್ಟದ್ದು ಮಾಡಿದ. ಮುಂದಿನ ರಜೆಯ ದಿನ ತನ್ನ ಜೊತೆ ಕೆಲಸ ಮಾಡುವ ಒಬ್ಬನನ್ನು ಮನೆಗೆ ಕರೆತಂದ. ಬಂದವನು ಹೊರಗೆ ನಿಲ್ಲಿಸಿದ್ದ ಬೈಕಿನ ಸುತ್ತ ಒಂದು ಸುತ್ತು ಬಂದು, ಟೈರಿಗೆ ಒದ್ದು, ಸೀಟು ಒತ್ತಿ ನೋಡಿ, "ಅಮ್ಮಾ, ಒಂದೇ ಕೈಲಿ ಓಡಿದ ಗಾಡಿ ಅಂತ ಹೇಳಿದ್ರು, ಚೆನ್ನಾಗಿಟ್ಕೊಂಡಿದೀರಿ" ಎಂದ.

"ಇಟ್ಕೊಂಡಿದೀನಿ. ಇನ್ನೂ ಇಟ್ಕೋತೀನಿ. ನಿಮಗೆ ಟೀ ಬೇಕಾ?"

"ಅಲ್ಲ, ಮಾರ್ತಾರೆ ಅಂತ..."

"ಯಾರು?"

ಅವನು ಮಗನ ಕಡೆ ನೋಡಿದ. ಮಗ ಚಪ್ಪಲಿಯ ತುದಿಯಿಂದ ನೆಲ ಕೆರೆಯುತ್ತಿದ್ದ.

"ಗಾಡಿ ನನ್ನ ಹೆಸರಲ್ಲಿದೆ ಕಣಪ್ಪ. ನನ್ನ ಮಗ ಒಳ್ಳೇವನು, ಆದ್ರೆ ಅವನ ಹೆಸರಲ್ಲಿರೋದು ಆ ಮೂಲೇಲಿರೋ ಸೈಕಲ್ ಒಂದೇ. ಬೇಕಾದ್ರೆ ಅದನ್ನ ನೋಡು, ಚೈನು ಹಾಕಿಸ್ಕೋಬೇಕು."

ಬಂದವನಿಗೆ ನಗು ತಡೆಯಲಾಗಲಿಲ್ಲ. ಟೀಯನ್ನೂ ಕುಡಿಯದೆ ಹೋದ. ಅವನು ತಿರುವು ದಾಟುವವರೆಗೆ ತಡೆದುಕೊಂಡಿದ್ದ ಮಗ ಉರಿದುಬಿದ್ದ.

"ನಾಲ್ಕು ಜನರೆದುರು ಮಾನ ತೆಗೀತೀಯಲ್ಲಮ್ಮ!"

"ಒಬ್ಬನೇ ಇದ್ದ. ನಾನು ಎಣಿಸಿದೆ."

"ನಿನ್ನ ಒಳ್ಳೇದಕ್ಕೇ ಮಾಡಿದ್ದು. ಕೈ ಕೆಲಸ ಮಾಡ್ತಿಲ್ಲ. ಹೆದ್ದಾರೀಲಿ ಜೋಮು ಹಿಡಿದು ಲಾರಿ ಕೆಳಗೆ ಹೋದ್ರೆ?"

"ಹಾಗಾದ್ರೆ ಜೋಮು ಹಿಡೀದ ಹಾಗೆ ದಾರಿ ಹುಡುಕೋಣ. ಅದು ಬಿಟ್ಟು ಗಾಡೀನೇ ಮಾರೋದಾ? ಲಿಫ್ಟ್ ಕೆಟ್ರೆ ನೀನೇನು ಕಟ್ಟಡ ಮಾರಿಸ್ತೀಯಾ?"

ದಾರಿ ಹುಡುಕಿಕೊಟ್ಟವಳು ಚಿನಕುರುಳಿ. ಓದುವ ನೆಪದಲ್ಲಿ ಅಮ್ಮನ ಫೋನು ಹಿಡಿದು ಅಜ್ಜಿಯ ಹಾಸಿಗೆಯ ಮೇಲೆ ಬೋರಲು ಬಿದ್ದುಕೊಂಡು, "ಅಜ್ಜಿ, ಇದಕ್ಕೆ ಥ್ರಾಟಲ್ ಲಾಕ್ ಅಂತಾರಂತೆ. ಹಿಡಿಯನ್ನ ತಿರುವಿದ ಕಡೆ ಹಾಗೇ ನಿಲ್ಲಿಸುತ್ತೆ. ಆಮೇಲೆ ಕೈ ತೆಗೆದು ಸ್ವಲ್ಪ ಹೊತ್ತು ಆರಾಮಾಗಿ ಬಿಡಬಹುದು. ದೂರ ಹೋಗೋರೆಲ್ಲ ಹಾಕಿಸ್ಕೋತಾರೆ" ಎಂದಳು.

ಅಜ್ಜಿ ಕನ್ನಡಕ ಏರಿಸಿಕೊಂಡು ನೋಡಿದಳು. ಥರಾವರಿ ಇದ್ದವು. ಹಿಡಿಗೆ ಸಿಕ್ಕಿಸಿ ಅಂಗೈ ಒರಗಿಸುವ ಪ್ಲಾಸ್ಟಿಕ್ ಪಟ್ಟಿ ಎಲ್ಲಕ್ಕಿಂತ ಅಗ್ಗ. ಅದು ಲಾಕೇ ಅಲ್ಲ, ಬೆರಳಿಗೆ ಬಿಡುವು ಕೊಡುತ್ತದೆ ಅಷ್ಟೆ. ಎರಡು ಗುಂಡಿಗಳಿರುವ ಉಕ್ಕಿನದು ನೋಡಲು ಒಡವೆಯಂತಿತ್ತು, ಬೆಲೆಯೂ ಹಾಗೇ. ಅದರ ದುಡ್ಡಿಗೆ ಗಾಡಿಗೆ ಎರಡು ಹೊಸ ಟೈರು ಬರುತ್ತಿದ್ದವು. ನಡುವೆ ಹತ್ತಾರು ಬಗೆಯ ಸ್ಕ್ರೂ, ಕ್ಲಿಪ್ಪು, ಬಳೆಗಳು.

"ಯಾವುದು ತಗೋತೀಯಾ ಅಜ್ಜಿ?"

"ಕೈಗೂ ಒಗ್ಗಬೇಕು, ಕೈಗೆಟುಕಲೂ ಬೇಕು."

ಸ್ಪೇರ್ ಪಾರ್ಟ್ಸ್ ಅಂಗಡಿ ಪೇಟೆಯ ಹಿಂಬೀದಿಯಲ್ಲಿತ್ತು. ಅಂಗಡಿಯವನು ಅವಳ ಕೈಯಲ್ಲಿದ್ದ ತರಕಾರಿ ಚೀಲ ನೋಡಿ, "ಮಗ ಕಳಿಸಿದ್ರಾ? ಯಾವ ಗಾಡಿ ಅಂತ ಹೇಳಿದಾರಾ?" ಎಂದ.

"ನನ್ನ ಗಾಡಿ."

ಅವನು ಮತ್ತೇನೂ ಕೇಳದೆ ಗಾಜಿನ ಪೆಟ್ಟಿಗೆಯಿಂದ ಒಂದು ಸ್ಕ್ರೂ ಲಾಕ್ ತೆಗೆದ. "ಇದೇ ಎಲ್ರೂ ತಗೊಳ್ಳೋದು. ಎಲ್ಲಾ ಗಾಡಿಗೂ ಕೂರುತ್ತೆ. ಬಿಗಿ ಮಾಡಿದ್ರೆ ಮುಗೀತು." ಬೆಲೆ ಎಷ್ಟು ಕಡಿಮೆಯಿತ್ತೆಂದರೆ ನರ್ಸಮ್ಮ ಚೌಕಾಸಿಯನ್ನೇ ಮಾಡಲಿಲ್ಲ. ತರಕಾರಿಯ ಮೇಲೆ ಇಟ್ಟುಕೊಂಡು ಮನೆಗೆ ಬಂದಳು.

ಮರುದಿನ ಬೆಳಗ್ಗೆ ಅದನ್ನು ತಾನೇ ಹಾಕಿ, ಬಿಗಿ ಮಾಡಿ, ಹೆಲ್ಮೆಟ್ ಹಾಕಿಕೊಂಡು ಮನೆ ಮುಂದಿನ ರಸ್ತೆಗಿಳಿದಳು. ಹೆದ್ದಾರಿಗೆ ಹೋಗುವ ಮುಂಚೆ ಇಲ್ಲೇ ನೋಡಿಬಿಡೋಣ ಎಂಬ ಎಚ್ಚರ. ಎರಡನೇ ಗೇರಿನಲ್ಲಿ ಹಿಡಿ ಕೊಂಚ ತಿರುವಿ ಲಾಕ್ ಮಾಡಿದಳು, ಕೈ ತೆಗೆದಳು. ಗಾಡಿ ತನ್ನಷ್ಟಕ್ಕೆ ಓಡಿತು. ಒಂದು ಕ್ಷಣ ಅವಳಿಗೆ ಹಿಗ್ಗು. ತಿರುವು ಹತ್ತಿರ ಬಂತು. ಹಿಡಿಯನ್ನು ಹಿಂದಕ್ಕೆ ತಿರುವಿದಳು.

ಹಿಡಿ ತಿರುಗಲಿಲ್ಲ.

ಮತ್ತೆ ತಿರುವಿದಳು. ಲಾಕಿನ ನಾಲಿಗೆ ಬ್ರೇಕಿನ ಹಿಡಿಕೆಗೂ ಆಕ್ಸಿಲರೇಟರಿಗೂ ನಡುವೆ ಸಿಕ್ಕಿಕೊಂಡು ಕಚ್ಚಿಕೊಂಡಿತ್ತು. ಕೈಯಲ್ಲಿ ಬಲವಿಲ್ಲ. ಎದುರಿಗೆ ಮೂಲೆಮನೆಯ ಕಬ್ಬಿಣದ ಗೇಟು. ಎಡಗೈಯಿಂದ ಕ್ಲಚ್ ಒತ್ತಿದಳು. ಇಂಜಿನ್ ಹುಚ್ಚು ಹಿಡಿದಂತೆ ಕಿರುಚಿತು. ಬಲಗೈಯ ಹೆಬ್ಬೆರಳಿನಿಂದ ಇಂಜಿನ್ ನಿಲ್ಲಿಸುವ ಕೆಂಪು ಗುಂಡಿ ಒತ್ತಿ, ಕಾಲಿನ ಬ್ರೇಕನ್ನು ಮೆಟ್ಟಿದಳು. ಅಷ್ಟಾದರೂ ಗಾಡಿ ಹೋಗಿ ಗೇಟಿಗೆ ಢಿಕ್ಕಿ ಹೊಡೆಯಿತು. ನರ್ಸಮ್ಮ ಪಕ್ಕಕ್ಕೆ ಬಿದ್ದಳು.

ಮೊಣಕಾಲು ತರಚಿತ್ತು, ಅಷ್ಟೆ. ಆದರೆ ಬೀದಿಗೆ ಬೀದಿಯೇ ಹೊರಗೆ ಬಂದಿತ್ತು. ಒಬ್ಬಳು ನೀರು ತಂದಳು, ಇನ್ನೊಬ್ಬ "ಈ ವಯಸ್ಸಲ್ಲಿ ಬೇಕಿತ್ತಾ" ಎಂದ. "ನೀರು ಕೊಟ್ಟೋರು ಇರಲಿ, ಮಾತು ಕೊಟ್ಟೋರು ಒಳಗೆ ಹೋಗಿ," ಎಂದು ನರ್ಸಮ್ಮ ಗೇಟು ಹಿಡಿದು ಎದ್ದಳು. ಮಗ ಎಲ್ಲರಿಗಿಂತ ತಡವಾಗಿ ಬಂದ. ಮುಖ ಬಿಳಿಚಿಕೊಂಡಿತ್ತು. ಗಾಡಿ ಎತ್ತಿ ನಿಲ್ಲಿಸಿದ, ಕೀ ಕಿತ್ತುಕೊಂಡ, ಜೇಬಿಗೆ ಹಾಕಿಕೊಂಡ.

"ಕೀ ಕೊಡು."

"ಕೊಡಲ್ಲ."

"ಕೊಡೋ."

"ಮುಗೀತಮ್ಮ. ಇನ್ನು ಆ ಕೈಗೆ ಬಿಡುವು ಕೊಡು. ಡಾಕ್ಟರು ಹೇಳಿದ್ದೂ ಅದೇ."

ನರ್ಸಮ್ಮ ಮೊಣಕಾಲಿನ ಮಣ್ಣು ಕೊಡವಿದಳು. "ಸರಿ," ಎಂದಳು. "ಕೊಡ್ತೀನಿ."

ಮಾರನೇ ಬೆಳಗ್ಗೆ ಮಗ ಎದ್ದು ಅಡುಗೆಮನೆಗೆ ಬಂದರೆ ಒಲೆ ತಣ್ಣಗಿತ್ತು. ನರ್ಸಮ್ಮ ಕಿಟಕಿಯ ಪಕ್ಕ ಕೂತಿದ್ದಳು. ಹಳೆಯ ಹತ್ತಿಯ ಶಾಲನ್ನು ಕುತ್ತಿಗೆಗೆ ಕಟ್ಟಿ, ಬಲಗೈಯನ್ನು ಅದರಲ್ಲಿ ಕೂಸಿನಂತೆ ಮಲಗಿಸಿದ್ದಳು.

"ಅಮ್ಮಾ, ಟೀ?"

"ಪುಡಿ ಎರಡನೇ ಡಬ್ಬೀಲಿದೆ."

"ಹುಷಾರಿಲ್ವಾ?"

"ಗುಂಡುಕಲ್ಲಿನ ಹಾಗಿದೀನಿ. ಬಲಗೈಗೆ ಬಿಡುವು ಕೊಟ್ಟಿದೀನಿ. ನೀನೇ ಹೇಳಿದ್ಯಲ್ಲ."

"ಅದು ಬೈಕಿಗೆ ಹೇಳಿದ್ದು!"

"ಬೈಕಿನ ಹಿಡಿ ಹಿಡಿದ್ರೆ ನೋಯೋ ಕೈ, ನಿಮ್ಮ ಪಾತ್ರೆ ತಿಕ್ಕಿದ್ರೆ ನೋಯಲ್ಲ ಅಂತ ಯಾವ ಡಾಕ್ಟರು ಬರ್ದುಕೊಟ್ಟಿದಾರೆ? ಹಿಟ್ಟು ನಾದೋದು ಇದೇ ಕೈ. ನಿನ್ನ ಗ್ರೀಸ್ ಮೆತ್ತಿದ ಪ್ಯಾಂಟು ತಿಕ್ಕಿ ಹಿಂಡೋದು ಇದೇ ಕೈ. ನೀರು ತುಂಬಿದ ಕೊಡ ಎತ್ತೋದು ಇದೇ ಕೈ. ಆಗೆಲ್ಲ ನಿನಗೆ ಡಾಕ್ಟರ ಮಾತು ನೆನಪಾಗಲ್ಲ. ನಾನು ಮನೆ ದಾಟಿ ಹೊರಡ್ತೀನಿ ಅಂದ ಕೂಡಲೇ ನೆನಪಾಗುತ್ತೆ."

"ಅಮ್ಮಾ, ಇದು ಹಟ."

"ಹೌದು. ಹಟಾನೇ."

ಮಗ ಬರೀ ಬ್ರೆಡ್ ತಿಂದು ಕೆಲಸಕ್ಕೆ ಹೋದ. ಎರಡು ದಿನ ಎಂದುಕೊಂಡಿದ್ದ; ವಾರ ಕಳೆಯಿತು. ನರ್ಸಮ್ಮ ಎಡಗೈಯಲ್ಲಿ ಆಗುವಷ್ಟನ್ನು ಮಾತ್ರ ಮಾಡಿದಳು: ಗಿಡಕ್ಕೆ ನೀರು, ಚಿನಕುರುಳಿಗೆ ಪಾಠ ಒಪ್ಪಿಸಿಕೊಳ್ಳುವುದು, ಚಮಚದಲ್ಲಿ ಊಟ. ಸಿಂಕಿನಲ್ಲಿ ಪಾತ್ರೆ ಗೋಪುರವಾಯಿತು. ಸ್ನಾನದ ಮನೆಯಲ್ಲಿ ಬಟ್ಟೆ ರಾಶಿ ಬಿತ್ತು. ಚಿನಕುರುಳಿ ಒಂದು ದಿನ ಒಂದು ಕಾಲಿಗೆ ಬಿಳಿ, ಇನ್ನೊಂದಕ್ಕೆ ನೀಲಿ ಕಾಲುಚೀಲ ಹಾಕಿಕೊಂಡು ಶಾಲೆಗೆ ಹೋಗಿ, "ಟೀಚರ್ ಏನೂ ಅನ್ಲಿಲ್ಲ, ಎಲ್ರೂ ಹೊಸ ಫ್ಯಾಷನ್ ಅಂದ್ಕೊಂಡ್ರು" ಎಂದು ಖುಷಿಯಾಗಿ ಬಂದಳು.

ಖುಷಿಯಿಲ್ಲದವಳು ಸೊಸೆ. ಔಷಧಿ ಅಂಗಡಿಯಿಂದ ಬಂದವಳು ಚೀಲ ಇಳಿಸಿ ನೇರ ಸಿಂಕಿಗೆ ಹೋಗುತ್ತಿದ್ದಳು. ಕೊನೆಗೆ ಒಂದು ಸಂಜೆ, ಒಣಗಿದ ಬಟ್ಟೆ ತೆಗೆಯುತ್ತಿದ್ದಾಗ ಕ್ಲಿಪ್ಪುಗಳನ್ನು ಬುಟ್ಟಿಗೆ ಎಸೆದು ಅತ್ತೆಯ ಎದುರು ಬಂದು ನಿಂತಳು.

"ಅತ್ತೆ, ನಿಮ್ಮ ಸಿಟ್ಟು ನಿಮ್ಮ ಮಗನ ಮೇಲೆ. ಏಟು ಬೀಳ್ತಿರೋದು ನನಗೆ."

"ಗೊತ್ತು."

"ಗೊತ್ತಿದ್ದೂ ಕೂತಿದೀರಾ?"

"ನೀನ್ಯಾಕೆ ಎದ್ದು ಮಾಡ್ತಿದೀಯಾ?"

"ಮತ್ತ್ಯಾರು ಮಾಡ್ತಾರೆ?"

"ಅದನ್ನ ನನ್ನ ಕೇಳ್ಬೇಡ. ಅಲ್ಲಿ ಟಿವಿ ಮುಂದೆ ಕಾಲು ಚಾಚಿದಾನಲ್ಲ, ಅವನನ್ನ ಕೇಳು."

"ಸುಲಭವಾಗಿ ಹೇಳ್ತೀರಿ," ಎಂದಳು ಸೊಸೆ. "ನೀವು ಹೆಲ್ಮೆಟ್ ಹಾಕ್ಕೊಂಡು ಹೋಗ್ಬಿಡ್ತೀರಿ. ದಿನಾ ಕೇಳಿ, ದಿನಾ ಜಗಳ ಆಡಿ, ಕೊನೆಗೆ ಕೆಟ್ಟೋಳು ಅನ್ನಿಸ್ಕೊಳ್ಳೋಳು ನಾನು. ಅದನ್ನ ಯಾರಾದ್ರೂ ಯೋಚನೆ ಮಾಡಿದೀರಾ ಈ ಮನೇಲಿ?"

ಸಾವಿರ ಮನೆಗಳ ಒಳಗೆ ಕಾಲಿಟ್ಟು, ಹೆತ್ತವಳು ಮೇಲೇಳುವ ಮೊದಲೇ ಅವಳ ಕೈಗೆ ಸೌಟು ಕೊಡುವ ಅತ್ತೆಯಂದಿರನ್ನು ಗದರಿಸಿ ಬಂದವಳು ನರ್ಸಮ್ಮ. ಶಾಲಿನಿಂದ ಬಲಗೈಯನ್ನು ಹೊರಗೆ ತೆಗೆದು ಹಗ್ಗದ ಮೇಲಿದ್ದ ಕೊನೆಯ ಬಟ್ಟೆ ತೆಗೆದಳು, ಮಡಚಿದಳು, ಬುಟ್ಟಿಗಿಟ್ಟಳು.

"ನಾಳೆ ನೀನು ಕೇಳ್ಬೇಡ," ಎಂದಳು. "ನಾಳೆ ಬಂದು ಚೀಲ ಇಡು, ಮುಖ ತೊಳ್ಕೋ, ಊಟದ ಮೇಜಿನ ಹತ್ರ ಬಂದು ನನ್ನ ಪಕ್ಕ ಕೂತ್ಕೋ. ಅಷ್ಟೇ. ಕೆಟ್ಟೋಳು ನಾನಾಗ್ತೀನಿ. ನನಗೆ ಅಭ್ಯಾಸ ಇದೆ."

ಮರುದಿನ ಮಗ ಬಂದಾಗ ಮೇಜಿನ ಬಳಿ ಮೂವರು ಹೆಂಗಸರು ಸಾಲಾಗಿ ಕೂತಿದ್ದರು. ಮುಂದೆ ನಾಲ್ಕು ತಟ್ಟೆ. ನಾಲ್ಕೂ ಖಾಲಿ.

"ಊಟ?" ಎಂದ.

"ನಾವೂ ಅದಕ್ಕೇ ಕಾಯ್ತಿದೀವಿ," ಎಂದಳು ನರ್ಸಮ್ಮ.

ಅವನು ನಗೆಯಾಡುತ್ತಿದ್ದಾರೆಂದುಕೊಂಡ. ಹೆಂಡತಿಯ ಮುಖ ನೋಡಿದ. ಅವಳು ತಟ್ಟೆಯನ್ನು ಕಣ್ಣೆತ್ತದೆ ನೋಡುತ್ತಿದ್ದಳು. ಮಗಳು ಚಮಚದಿಂದ ತಾಳ ಹಾಕಿದಳು. ಸ್ವಲ್ಪ ಹೊತ್ತು ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದವನು, "ನೀವೆಲ್ಲ ಸೇರ್ಕೊಂಡಿದೀರಾ" ಎಂದು ಅಡುಗೆಮನೆಗೆ ಹೋದ. ಡಬ್ಬಿಗಳು ಬಿದ್ದವು, ಮುಚ್ಚಳ ಉರುಳಿತು. "ಅಕ್ಕಿ ಎಲ್ಲಿದೆ?" ಎಂದು ಒಳಗಿಂದ ಕೂಗಿದ.

"ಈ ಮನೇಲಿ ನೀನು ಮೊದಲಿಂದ ಇದೀಯಾ," ಎಂದು ಅಮ್ಮ ಕೂಗಿದಳು. "ಕಟ್ಟಿಸುವಾಗಲೇ ನೀನು ಬಂದು ನಿಂತಿದ್ದೆ. ಹುಡುಕು."

ಅನ್ನ ಅಡಿ ಹತ್ತಿತ್ತು, ಮೇಲೆ ಬೆಂದಿರಲಿಲ್ಲ. ತರಕಾರಿಗೆ ಉಪ್ಪು ಎರಡು ಸಲ ಬಿದ್ದಿತ್ತು. ಯಾರೂ ತುಟಿ ಪಿಟಿಕ್ಕೆನ್ನದೆ ತಿಂದರು. ಅರ್ಧ ತಿಂದ ಮೇಲೆ ಸೊಸೆ ಬಾಯಿ ಬಿಟ್ಟಳು.

"ಕೀ ಕೊಡಿ ರೀ."

"ಯಾವ ಕೀ?"

"ನಿಮ್ಮ ಟೂಲ್ ಬ್ಯಾಗಿನ ಒಳಜೇಬಲ್ಲಿರೋದು. ಅವತ್ತು ಆಗಿದ್ದು ಬೈಕಿಂದಲ್ಲ, ಆ ಅಗ್ಗದ ಲಾಕಿಂದ. ಅತ್ತೆ ಸರಿಯಾದ್ದು ತರಲಿ. ನಾನು ನಿಮ್ಮಮ್ಮನಿಗೆ ಕಾವಲುಗಾರ್ತಿ ಅಲ್ಲ, ನೀವೂ ಅಲ್ಲ."

ಮಗ ತಟ್ಟೆಯಲ್ಲಿ ಬೆರಳಾಡಿಸಿದ. "ಅವತ್ತು ನಾನು ಮಹಡಿ ಮೇಲಿದ್ದೆ," ಎಂದ. "ಇಂಜಿನ್ ಕಿರುಚಿದ್ದು ಕೇಳಿಸ್ತು. ಬಗ್ಗಿ ನೋಡೋಷ್ಟರಲ್ಲಿ ಅಮ್ಮ ನೆಲದ ಮೇಲಿದ್ಲು. ಇಳಿದು ಬರೋಣ ಅಂದ್ರೆ ಕಾಲೇ ಏಳ್ಲಿಲ್ಲ ನನಗೆ. ಅಲ್ಲೇ ಕೂತುಬಿಟ್ಟೆ. ಬೇರೆಯೋರೆಲ್ಲ ಓಡಿದ್ರು, ನಾನು ಮೆಟ್ಟಿಲ ಮೇಲೆ ಕೂತಿದ್ದೆ."

ಚಿನಕುರುಳಿ ಚಮಚ ಕೆಳಗಿಟ್ಟಳು.

"ನನಗೂ ಭಯ ಆಯ್ತು ಕಣೋ," ಎಂದಳು ನರ್ಸಮ್ಮ. ದನಿ ಮೆತ್ತಗಾಗಿತ್ತು, ಮಾತು ಆಗಿರಲಿಲ್ಲ. "ಭಯ ಆದಾಗಲೂ ಎಡಗೈ ಕ್ಲಚ್ ಹಿಡೀತು, ಕಾಲು ಬ್ರೇಕ್ ಒತ್ತಿತು. ನನ್ನ ಕೈಕಾಲಿಗೆ ಇನ್ನೂ ಕೆಲಸ ಗೊತ್ತಿದೆ. ಈಗ ಕೀ ಇಡು."

ಅವನು ಎದ್ದು ಹೋಗಿ ಕೀ ತಂದು ಉಪ್ಪಿನ ಡಬ್ಬಿಯ ಪಕ್ಕ ಇಟ್ಟ.

ಮರುದಿನವೇ ನರ್ಸಮ್ಮ ಗಾಡಿಯಲ್ಲೇ ಸ್ಪೇರ್ ಪಾರ್ಟ್ಸ್ ಅಂಗಡಿಗೆ ಹೋದಳು. ಹಳೆಯ ಲಾಕನ್ನು ಕೌಂಟರಿನ ಮೇಲಿಟ್ಟಳು.

"ಇದು ಕಚ್ಚಿಕೊಳ್ಳುತ್ತೆ. ವಾಪಸ್ ತಗೊಳ್ಳಿ."

"ಒಂದ್ಸಲ ಮಾರಿದ್ದು ವಾಪಸ್ ಇಲ್ಲಮ್ಮ. ನೀವು ಹಾಕೋಕೆ ಬರದೆ ಹಾಕಿರ್ತೀರಿ."

"ಸರಿ," ಎಂದು ಅವಳು ಅಲ್ಲಿದ್ದ ಸ್ಟೂಲನ್ನು ಬಾಗಿಲ ಬಳಿ ಎಳೆದುಕೊಂಡು ಕೂತಳು. ಮೊದಲು ಬಂದ ಗಿರಾಕಿಗೆ ಕೈಯಲ್ಲಿದ್ದ ಲಾಕು ತೋರಿಸಿ, ಮೊಣಕಾಲಿನ ಪಟ್ಟಿ ತೋರಿಸಿ, ಗೇಟಿನ ಕತೆ ಹೇಳಿದಳು. ಎರಡನೆಯವನಿಗೂ ಹೇಳಿದಳು, ಈ ಸಲ ಇಂಜಿನ್ ಕಿರುಚಿದ ಸದ್ದನ್ನೂ ಮಾಡಿ ತೋರಿಸಿದಳು. ಮೂರನೆಯವನು ಅದೇ ಲಾಕು ಕೊಳ್ಳಲು ಬಂದಿದ್ದ. ಕತೆ ಕೇಳಿ ಕೊಳ್ಳದೆ ಹೋದ.

"ಅಮ್ಮಾ, ಏಳಿ, ಒಳಗೆ ಬನ್ನಿ," ಎಂದು ಅಂಗಡಿಯವನು ಕೈಮುಗಿದ. "ಯಾವುದು ಬೇಕೋ ಬದಲಾಯಿಸ್ಕೊಳ್ಳಿ."

ಅವನು ಉಕ್ಕಿನದನ್ನು ತೆಗೆದ. ಅವಳು ಕಣ್ಣಿನಿಂದಲೇ ಬೇಡವೆಂದಳು. ಅಂಗೈ ಪಟ್ಟಿ ತೆಗೆದ. "ಇದು ಬೇಡ. ಊರೊಳಗೆ ಗುಂಡಿಗೆ ಗಾಡಿ ಇಳಿದಾಗ ಅಂಗೈ ತಾನಾಗೇ ಒತ್ತುತ್ತೆ, ಗಾಡಿ ನೆಗೆಯುತ್ತೆ." ಮೂರನೆಯದು ಎರಡು ಅರೆಬಳೆಗಳನ್ನು ಹಿಡಿಯ ಸುತ್ತ ಕೂಡಿಸಿ ಬೋಲ್ಟ್ ಹಾಕುವಂಥದು, ಒಳಗೆ ರಬ್ಬರ್ ಪದರ. ಹೆಬ್ಬೆರಳಿನಿಂದ ಒಂದು ಪುಟ್ಟ ಲಿವರನ್ನು ಒತ್ತಿದರೆ ಅದು ಬ್ರೇಕಿನ ಹಿಡಿಕೆಯ ಮೇಲೆ ಆತುಕೊಂಡು ಹಿಡಿಯನ್ನು ನಿಲ್ಲಿಸುತ್ತಿತ್ತು. ಮೊದಲಿನದಕ್ಕಿಂತ ದುಬಾರಿ, ಉಕ್ಕಿನದಕ್ಕಿಂತ ಎಷ್ಟೋ ಅಗ್ಗ.

"ಇದನ್ನ ನನ್ನ ಗಾಡಿಗೆ ಇಲ್ಲೇ ಹಾಕಿ."

"ಹಾಕೋಕೆ ಬೇರೆ ಚಾರ್ಜು."

ನರ್ಸಮ್ಮ ಸ್ಟೂಲಿನ ಕಡೆ ನೋಡಿದಳು. ಅವನು ಸ್ಪ್ಯಾನರ್ ತೆಗೆದುಕೊಂಡು ಹೊರಗೆ ಬಂದ.

ಹಾಕಿದ ಮೇಲೆ ಅವಳು ಗಾಡಿಯನ್ನು ನಡುಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಸ್ಟಾರ್ಟ್ ಮಾಡಿ, ಹಿಡಿ ತಿರುವಿ ಲಾಕ್ ಒತ್ತಿದಳು. ಲಾಕು ಬಿಡಿಸದೆಯೇ ಎರಡೇ ಬೆರಳಿನಿಂದ ಹಿಡಿಯನ್ನು ಹಿಂದಕ್ಕೆ ತಿರುವಿದಳು. ಬರಲಿಲ್ಲ. "ಬಿಗಿ ಜಾಸ್ತಿ. ಸಡಿಲಿಸಿ." ಸಡಿಲಿಸಿದ. ಈಗ ಹಿಡಿ ನಿಲ್ಲಲೇ ಇಲ್ಲ. "ಒಂಚೂರು ಬಿಗಿ." ಹೀಗೆ ಎಷ್ಟೋ ಸಲ ಆಗಿ ಅಂಗಡಿಯವನ ಹಣೆಯಲ್ಲಿ ಬೆವರಿಳಿಯಿತು. ಕೊನೆಗೆ ಒಂದು ಸಲ ಹಿಡಿ ನಿಂತಿತು. ಎರಡು ಬೆರಳಿನಿಂದ ತಳ್ಳಿದ ಕೂಡಲೇ ಮೆತ್ತಗೆ ಹಿಂದಕ್ಕೆ ಬಂತು, ಇಂಜಿನ್ನಿನ ಸದ್ದು ಇಳಿಯಿತು.

"ಹಿಡಿಯೋದು ಯಾವ ಲಾಕಾದ್ರೂ ಹಿಡಿಯುತ್ತೆ," ಎಂದಳು ನರ್ಸಮ್ಮ. "ಬಿಡು ಅಂದಾಗ ಬಿಡಬೇಕು. ನನಗೆ ಬೇಕಿದ್ದದ್ದು ಅದು."

ಹೆಚ್ಚಿನ ದುಡ್ಡನ್ನು ಹೊಸ ಜಾಕೆಟ್ಟಿಗೆಂದು ಎತ್ತಿಟ್ಟಿದ್ದರಲ್ಲಿ ಕೊಟ್ಟಳು. ಜಾಕೆಟ್ಟಿನ ಬದಲು ಕೆಲಸದ ಕಾಲದ ಹಳೇ ದಪ್ಪ ಕೋಟು ಇತ್ತು. ಗುಂಡಿ ಹೊಲಿದರೆ ಸಾಕಾಗಿತ್ತು.

ಸಂಜೆ ಮಗ ಬಂದವನು ಗಾಡಿಯ ಮುಂದೆ ಮಂಡಿಯೂರಿ ಕೂತ. ಲಿಫ್ಟಿನ ಬ್ರೇಕ್ ನೋಡುವ ಹಾಗೆ ಲಾಕನ್ನು ಒತ್ತಿ, ಬಿಟ್ಟು, ಒತ್ತಿ, ಬಿಟ್ಟು ನೋಡಿದ. ಹ್ಯಾಂಡಲನ್ನು ಎಡಕ್ಕೆ ಬಲಕ್ಕೆ ಪೂರ್ತಿ ತಿರುವಿ ಎಲ್ಲಾದರೂ ತಾಗುತ್ತದೆಯೇ ಎಂದು ನೋಡಿದ. ನರ್ಸಮ್ಮ ಬಾಗಿಲಲ್ಲಿ ನಿಂತು ಕೋಟಿಗೆ ಗುಂಡಿ ಹೊಲಿಯುತ್ತಿದ್ದಳು.

"ಇದು ಬಿಡುತ್ತೆ," ಎಂದ ಕೊನೆಗೆ. "ಆದ್ರೂ ನನಗೆ ಇಷ್ಟ ಇಲ್ಲ, ಅಮ್ಮ."

"ನಿನ್ನ ಇಷ್ಟ ಕೇಳಿಲ್ಲ. ಬೋಲ್ಟ್ ಬಿಗಿಯಾಗಿದೆಯಾ ನೋಡು."

ಅವನು ಟೂಲ್ ಬ್ಯಾಗಿನಿಂದ ಸ್ಪ್ಯಾನರ್ ತೆಗೆದು ಕಾಲು ಸುತ್ತು ಬಿಗಿದ.

ಪರೀಕ್ಷೆ ಮುಗಿಯುವವರೆಗಿನ ದಿನಗಳಲ್ಲಿ ಮನೆಯಲ್ಲಿ ಜಗಳ ನಿಲ್ಲಲಿಲ್ಲ, ಜಗಳದ ವಿಷಯ ಬದಲಾಯಿತು. ಬೇಳೆಗೆ ನೀರೆಷ್ಟು, ಬಿಳಿ ಬಟ್ಟೆಯ ಜೊತೆ ಬಣ್ಣದ್ದು ಯಾಕೆ ಹಾಕಬಾರದು, ಮಗಳ ಶಾಲೆಯ ಗೇಟು ಯಾವ ಕಡೆ ಎಂದು ಮಗ ಕೇಳುವುದು, ಅಮ್ಮ ಒಂದು ಸಲ ಹೇಳಿ ಎರಡನೇ ಸಲ ಹೇಳದೆ ಇರುವುದು. ಸೊಸೆ ಒಂದು ಸಂಜೆ ಕಾಲು ಮೇಲಿಟ್ಟುಕೊಂಡು ಟಿವಿ ನೋಡುತ್ತ ನಿದ್ದೆ ಹೋದಳು. ಗಂಡ ಎಬ್ಬಿಸಲು ಬಂದ; ನರ್ಸಮ್ಮ ಬೆರಳೆತ್ತಿ ತಡೆದಳು. ಅವನು ಮುಖ ಊದಿಸಿಕೊಂಡು ಪಾತ್ರೆ ತೊಳೆಯಲು ಹೋದ.

ಹೊರಟ ದಿನ ಬೆಳಗ್ಗೆ ಮೂಲೆಮನೆಯವರು ಗೇಟನ್ನು ಪೂರ್ತಿ ತೆರೆದಿಟ್ಟು ನಿಂತಿದ್ದರು. "ಈ ಸಲ ಒಳಗೇ ಬರ್ಲಿ ಅಂತ" ಎಂದು ಯಾರೋ ಕೀಟಲೆ ಮಾಡಿದರು. ನರ್ಸಮ್ಮ ಹಾರನ್ ಹೊಡೆದು ಮುಂದೆ ಹೋದಳು.

ಊರು ದಾಟಿ, ಗೋಡೌನುಗಳು, ಪೆಟ್ರೋಲ್ ಬಂಕುಗಳು ಹಿಂದಾಗಿ ರಸ್ತೆ ನೆಟ್ಟಗಾದಾಗ ಅವಳು ಹೆಬ್ಬೆರಳಿನಿಂದ ಲಾಕ್ ಒತ್ತಿದಳು. ಬಲಗೈ ಎತ್ತಿ ಗಾಳಿಯಲ್ಲಿ ಬೆರಳುಗಳನ್ನು ಬಿಚ್ಚಿದಳು, ಮಡಚಿದಳು, ಮತ್ತೆ ಬಿಚ್ಚಿದಳು. ಎದುರಿನಿಂದ ಬಂದ ಲಾರಿಯವನು ತನಗೇ ಕೈಬೀಸಿದಳೆಂದು ತಿಳಿದು ತಾನೂ ಬೀಸಿದ. ಎರಡು ಬೆರಳಿನಿಂದ ಹಿಡಿ ಸರಿಸಿದಳು. ಗಾಡಿ ಹೇಳಿದ ಮಾತು ಕೇಳಿತು. ಮಧ್ಯಾಹ್ನ ಒಂದು ಮರ ಚೆನ್ನಾಗಿದೆ ಅನ್ನಿಸಿತು. ನಿಲ್ಲಿಸಿ ಅದರ ಕೆಳಗೆ ಒಂದು ನಿದ್ದೆ ತೆಗೆದಳು.

ಸಮುದ್ರ ಸಿಕ್ಕಿದ ದಿನ ಅವಳು ದಂಡೆಯ ಗಿಡ್ಡ ಗೋಡೆಯ ಮೇಲೆ ಕೂತು ಬ್ರೆಡ್ ತಿನ್ನುತ್ತಿದ್ದಾಗ ಫೋನು ಬಂತು. ಸೊಸೆ.

"ಅತ್ತೆ, ಎಲ್ಲಿದೀರಿ?"

"ಸಮುದ್ರದ ಮುಂದೆ."

"ಹೇಗಿದೆ?"

"ನೀರು. ಎಲ್ಲಿ ನೋಡಿದ್ರೂ ನೀರು. ಚೆನ್ನಾಗಿದೆ."

"ಕೈ ಹೇಗಿದೆ?"

"ಬ್ರೆಡ್ ಹಿಡ್ಕೊಂಡಿದೆ. ಅದೇನು ಸದ್ದು?"

"ನಿಮ್ಮ ಮಗ ಕುಕ್ಕರ್ ತೊಳೀತಿದಾರೆ. ಬೈಕೊಂಡು."

"ಯಾರನ್ನ?"

"ಮೊದಲು ನಿಮ್ಮನ್ನ, ಆಮೇಲೆ ನನ್ನ. ಈಗ ಕುಕ್ಕರನ್ನ. ನಾಳೆ ವಾಪಸ್ ಹೊರಡ್ತೀರಾ?"

ನರ್ಸಮ್ಮ ಬಲಕ್ಕೆ ನೋಡಿದಳು. ರಸ್ತೆ ಅಲ್ಲಿಗೆ ನಿಂತಿರಲಿಲ್ಲ. ದಂಡೆಗುಂಟ ಹೋಗಿ, ಗುಡ್ಡವೊಂದನ್ನು ಬಳಸಿ, ಮರೆಯಾಗುತ್ತಿತ್ತು. ಗುಡ್ಡದಾಚೆ ಏನಿದೆಯೋ ಅವಳಿಗೆ ಗೊತ್ತಿರಲಿಲ್ಲ.

"ದಾರಿ ಇನ್ನೂ ಇದೆ ಕಣೇ," ಎಂದಳು.

ಸೊಸೆ, "ಹೋಗಿ ಅತ್ತೆ. ಇಲ್ಲಿ ನಾನು ನೋಡ್..." ಎಂದವಳು ಅಲ್ಲಿಗೇ ತಡೆದಳು. "ಇಲ್ಲಿ ಅವರು ನೋಡ್ಕೋತಾರೆ," ಎಂದಳು.

ಹಿಂದಿನಿಂದ ಮಗನ ದನಿ ಕೇಳಿಸಿತು. "ಏನಂತೆ? ಯಾವಾಗ ಬರ್ತಾಳಂತೆ?"

"ಬರಬೇಕು ಅನ್ನಿಸಿದಾಗ ಬರ್ತಾರಂತೆ!" ಎಂದು ಸೊಸೆ ಅವನಿಗೆ ಕೂಗಿ ಹೇಳಿದಳು.

ಆ ಮಾತನ್ನು ನರ್ಸಮ್ಮ ಆಡಿರಲಿಲ್ಲ. ಇಲ್ಲ ಎನ್ನಲೂ ಹೋಗಲಿಲ್ಲ. ಫೋನನ್ನು ಕೋಟಿನ ಜೇಬಿಗೆ ಹಾಕಿ, ಉಳಿದ ಬ್ರೆಡ್ಡನ್ನು ಒಂದೇ ತುತ್ತಿಗೆ ಬಾಯಿಗಿಟ್ಟುಕೊಂಡು, ಹೆಲ್ಮೆಟ್ಟಿನ ಪಟ್ಟಿ ಬಿಗಿದು ಗುಡ್ಡದ ಕಡೆಗೆ ಗಾಡಿ ತಿರುಗಿಸಿದಳು.